ಚಿತ್ರ ಒಡೆಯುವ ಹೊತ್ತು ನೋಡಿ

ತಿಪಟೂರು ತಾಲ್ಲೂಕಿನ ಹೊನ್ನವಳ್ಳಿ ಕಡೆಯ ತೋಟದ ಮನೆಗಳಲ್ಲಿ ಟಿ.ವಿ. ಚಿತ್ರ ಚೌಕಚೌಕವಾಗಿ ಒಡೆದು, ಮಾತು ತುಂಡಾಗಿ, ಕೊನೆಗೆ ಪರದೆಯ ಮೇಲೆ ‘ನೋ ಸಿಗ್ನಲ್’ ಎಂದು ಬಂದು ನಿಂತರೆ ಮೊದಲು ಬೈಗುಳ ತಿನ್ನುವುದು ಸೆಟ್‌ಟಾಪ್ ಬಾಕ್ಸ್. ಎರಡನೆಯ ಆರೋಪಿ ಡಿಶ್ ಎದುರಿಗಿರುವ ತೆಂಗಿನ ಮರ. ಬಾಕ್ಸ್ ಬದಲಾಗುತ್ತದೆ, ಸಾವಿರ ರೂಪಾಯಿ ಆಚೀಚೆ ಕೈಬಿಡುತ್ತದೆ. ಇಲ್ಲವೇ ಮರದಿಂದ ಎರಡು ಹಸಿ ಗರಿ ಕೆಳಗೆ ಬೀಳುತ್ತವೆ. ನಾಲ್ಕು ದಿನ ಎಲ್ಲ ಸರಿ. ಮುಂದಿನ ಜೋರು ಮಳೆಗೆ ಚಿತ್ರ ಮತ್ತೆ ಒಡೆಯುತ್ತದೆ. ಬಂದು ಹೋಗುವ ದೋಷಕ್ಕೆ ಅದು ಬರುವ ಹೊತ್ತೇ ಮೊದಲ ಸಾಕ್ಷಿ ಎಂಬುದು ನನ್ನ ವಾದ. ಆ ಸಾಕ್ಷಿಯನ್ನು ಕೇಳದೆ ಬಾಕ್ಸ್ ಬದಲಿಸುವುದೂ ತಪ್ಪು, ಮರಕ್ಕೆ ಕತ್ತಿ ಹಾಕುವುದೂ ತಪ್ಪು. ಈ ತಪ್ಪು ಮನೆಯವರದು ಮಾತ್ರ ಅಲ್ಲ. ಬಾಕ್ಸ್ ಹಂಚಿದರೆ ಕೆಲಸ ಮುಗಿಯಿತು ಎಂದುಕೊಳ್ಳುವ ಸರ್ಕಾರದ್ದೂ ಹೌದು.

ಹೊತ್ತು ನೋಡದೆ ಆಫ್ ಮಾಡಿ ಆನ್ ಮಾಡುವ, ಒಂದು ಏಟು ಕೊಟ್ಟು ನೋಡುವ ಅಭ್ಯಾಸ ಒಂದು ಕಾಲಕ್ಕೆ ತಪ್ಪಾಗಿರಲಿಲ್ಲ. ಕರ್ನಾಟಕದ ಮೊದಲ ಟಿ.ವಿ. ಪ್ರಸಾರ ಕೇಂದ್ರ 1977ರಲ್ಲಿ ಗುಲ್ಬರ್ಗದಲ್ಲಿ ಶುರುವಾಯಿತು. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು. ಎಂಬತ್ತರ ದಶಕದಲ್ಲಿ ಸಣ್ಣ ಮರುಪ್ರಸಾರ ಕೇಂದ್ರಗಳು ಹೆಚ್ಚುತ್ತಾ ಹೋದಂತೆ ಹೆಂಚಿನ ಮನೆಗಳ ಮೇಲೂ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಎದ್ದು ನಿಂತಿತು. ಒಬ್ಬರು ಮೇಲೆ ಹತ್ತಿ ಕಂಬ ತಿರುಗಿಸುವುದು, ಇನ್ನೊಬ್ಬರು ಬಾಗಿಲಲ್ಲಿ ನಿಂತು ‘ಬಂತು, ಬಂತು, ಹೋಯ್ತು, ಸ್ವಲ್ಪ ಹಿಂದಕ್ಕೆ’ ಎಂದು ಕೂಗುವುದು ಆ ತಲೆಮಾರಿನ ಎಲ್ಲ ಮನೆಗೂ ಗೊತ್ತು. ಆ ವ್ಯವಸ್ಥೆಯಲ್ಲಿ ರೋಗ ಮುಖದ ಮೇಲೇ ಕಾಣುತ್ತಿತ್ತು. ಸಿಗ್ನಲ್ ಕುಗ್ಗಿದರೆ ಪರದೆಯ ತುಂಬ ಇರುವೆ ಹರಿದಂತೆ ಚುಕ್ಕಿ. ಅಲೆ ಗುಡ್ಡಕ್ಕೆ ತಾಗಿ ತಡವಾಗಿ ಬಂದರೆ ಒಂದು ಮುಖ ಎರಡಾಗಿ ಕಾಣುವುದು. ಪಕ್ಕದಲ್ಲಿ ಮೋಟಾರಿನ ಕಿಡಿ ಹಾರಿದರೆ ಅಡ್ಡಗೆರೆ. ನೋಡುಗನೇ ಅರ್ಧ ವೈದ್ಯ. ಆಂಟೆನಾದಿಂದ ಹಿಡಿಯುವ ಆ ಹಳೆಯ ಪ್ರಸಾರವನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ದೇಶದಲ್ಲಿ ಬಹುತೇಕ ನಿಲ್ಲಿಸಿತು. ಅದರ ಜಾಗಕ್ಕೆ ಬರಬೇಕಿದ್ದ, ನೆಲದ ಮೇಲಿನ ಗೋಪುರದಿಂದಲೇ ಬರುವ ಡಿಜಿಟಲ್ ಪ್ರಸಾರ 2016ರಲ್ಲಿ ಬೆಂಗಳೂರು ಸೇರಿದಂತೆ ಕೆಲವೇ ನಗರಗಳಲ್ಲಿ ಶುರುವಾಯಿತು. ನೂರು ಕಿಲೋಮೀಟರಿಗೂ ಹೆಚ್ಚು ದೂರದ ತಿಪಟೂರು ಸೀಮೆಗೆ ಅದು ಮುಟ್ಟುವುದಿಲ್ಲ. ಹಾಗಾಗಿ ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವೇ ಆಗಿದ್ದ ಹೊನ್ನವಳ್ಳಿಯಲ್ಲೂ ಇವತ್ತು ಕೇಬಲ್ ಟಿ.ವಿ. ಇಲ್ಲದ ತೋಟದ ಮನೆಗೆ ಟಿ.ವಿ. ಎಂದರೆ ಡಿಶ್ಶೇ. ತಿಂಗಳ ಬಾಡಿಗೆ ಬೇಡ ಎನ್ನುವವರಿಗೆ, 2004ರ ಡಿಸೆಂಬರಿನಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ದೂರದರ್ಶನದ ಡಿಡಿ ಫ್ರೀ ಡಿಶ್.

ಡಿಜಿಟಲ್ ಸಿಗ್ನಲ್ಲಿನ ಸ್ವಭಾವವೇ ಬೇರೆ. ದಾರಿಯಲ್ಲಿ ಬಿದ್ದುಹೋದ ಅಂಕಿಗಳನ್ನು ಬಾಕ್ಸ್ ತಾನೇ ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಒಂದು ಮಿತಿಯವರೆಗೆ ಎಷ್ಟೇ ಪೆಟ್ಟು ಬಿದ್ದರೂ ಚಿತ್ರ ಕನ್ನಡಿಯ ಹಾಗೆ ನಿಚ್ಚಳ. ಆ ಮಿತಿ ಕೂದಲೆಳೆಯಷ್ಟು ದಾಟಿತೋ, ಚಿತ್ರ ಒಮ್ಮೆಲೇ ಒಡೆಯುತ್ತದೆ. ಇದರಿಂದ ಆಗುವ ಅನಾಹುತ ಏನೆಂದರೆ, ಡಿಶ್ಶಿನಿಂದ ಬಾಕ್ಸಿಗೆ ಬರುವ ಕೇಬಲ್ ವರ್ಷಾನುಗಟ್ಟಲೆ ಹಾಳಾಗುತ್ತಾ ಬಂದರೂ ಮನೆಯವರಿಗೆ ಸುಳಿವೇ ಸಿಗುವುದಿಲ್ಲ. ಕೊನೆಯ ಒಂದು ಹನಿ ನೀರು, ಕೊನೆಯ ಒಂದು ಗಾಳಿಯ ಬೀಸು ಮಾತ್ರ ಕಣ್ಣಿಗೆ ಬೀಳುತ್ತದೆ. ಈ ಸೀಮೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಒಣಗುವ ಕಾಯಿ ಹೊರಗಿನಿಂದ ಮೊದಲ ದಿನವೂ ಒಂದೇ, ಕೊನೆಯ ದಿನವೂ ಒಂದೇ. ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಬಾಕ್ಸನ್ನೂ ಹಾಗೆ ಅಲ್ಲಾಡಿಸಿ ಕೇಳುವ ಉಪಾಯ ಅದರ ಮೆನುವಿನಲ್ಲೇ ಇದೆ. ಅಲ್ಲಿ ಎರಡು ಪಟ್ಟಿ ಕಾಣುತ್ತವೆ: ಒಂದು ‘ಸ್ಟ್ರೆಂತ್’, ಇನ್ನೊಂದು ‘ಕ್ವಾಲಿಟಿ’. ಜನ ನೋಡುವುದು ಮೊದಲನೆಯದನ್ನು, ನೋಡಬೇಕಾದದ್ದು ಎರಡನೆಯದನ್ನು. ಡಿಶ್ ಖಾಲಿ ಆಕಾಶವನ್ನು ನೋಡುತ್ತಿದ್ದರೂ ಸ್ಟ್ರೆಂತ್ ಅರ್ಧಕ್ಕಿಂತ ಮೇಲೆ ತೋರಿಸಬಹುದು, ಏಕೆಂದರೆ ಅದು ಬರಿಯ ಗದ್ದಲವನ್ನೂ ಅಳೆಯುತ್ತದೆ. ಗದ್ದಲದ ನಡುವೆ ಮಾತು ಎಷ್ಟು ಕೇಳಿಸುತ್ತಿದೆ ಎಂದು ಹೇಳುವುದು ಕ್ವಾಲಿಟಿ. ಚಿತ್ರ ಚೆನ್ನಾಗಿರುವ ದಿನವೇ ಈ ಅಂಕಿ ಬರೆದಿಟ್ಟುಕೊಂಡ ಮನೆಗೆ, ಚಿತ್ರ ಹಾಳಾದ ದಿನ ಹೋಲಿಸಲು ಏನಾದರೂ ಇರುತ್ತದೆ.

ಈಗ ಮರದ ಮೇಲಿನ ಆರೋಪಕ್ಕೆ ಬರೋಣ. ತೆಂಗಿನ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಡಿಡಿ ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ಹೊನ್ನವಳ್ಳಿಯಿಂದ ಲೆಕ್ಕ ಹಾಕಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 65 ಡಿಗ್ರಿ ಮೇಲೆ, ಅಂದರೆ ಹೆಚ್ಚುಕಡಿಮೆ ನೆತ್ತಿಯ ಕಡೆಗೇ ಇದೆ. ಇಷ್ಟು ಎತ್ತರದಿಂದ ಇಳಿಯುವ ಅಲೆಗೆ ಒಂದು ಮರ ಅಡ್ಡ ಬರಬೇಕಾದರೆ, ಡಿಶ್ಶಿಗಿಂತ ಅದು ಎಷ್ಟು ಎತ್ತರವಿದೆಯೋ ಅದರ ಅರ್ಧಕ್ಕಿಂತ ಕಡಿಮೆ ದೂರದಲ್ಲಿರಬೇಕು. ಅರವತ್ತು ಅಡಿಯ ಮರ, ಹನ್ನೆರಡು ಅಡಿ ಎತ್ತರದ ಮಾಡಿನ ಮೇಲೆ ಡಿಶ್ ಎಂದಿಟ್ಟುಕೊಳ್ಳಿ. ಮರದ ತಲೆ ಅಡ್ಡ ಬರುವುದು ಕಾಂಡ 22 ಅಡಿಯೊಳಗೆ ಇದ್ದರೆ. ಹೊರಚಾಚಿದ ಗರಿಗೆ ಇನ್ನೊಂದು ಹದಿನೈದು ಹದಿನೆಂಟು ಅಡಿ ಸೇರಿಸಿ. ನಲವತ್ತು ಅಡಿಯಾಚೆ ನಿಂತ ಮರಕ್ಕೂ ನಿಮ್ಮ ಚಿತ್ರಕ್ಕೂ ಸಂಬಂಧವಿಲ್ಲ. ಆಗ್ನೇಯ ಬಿಟ್ಟು ಬೇರೆ ದಿಕ್ಕಿನಲ್ಲಿರುವ ಮರಕ್ಕಂತೂ ಮೊದಲೇ ಇಲ್ಲ.

ಹಾಗಿದ್ದರೂ ದೂರದ ಮರ ಅಡ್ಡವಿದೆ ಎಂದು ಜನಕ್ಕೆ ಅನ್ನಿಸುವುದು ಡಿಶ್ಶಿನ ಆಕಾರದಿಂದ. ಮನೆಗಳ ಮೇಲಿರುವ ಡಿಶ್ ಪೂರ್ತಿ ಬಟ್ಟಲಲ್ಲ, ದೊಡ್ಡ ಬಟ್ಟಲಿನ ಒಂದು ಪಕ್ಕದಿಂದ ಕತ್ತರಿಸಿ ತೆಗೆದಂಥ ತುಂಡು. ಅದರ ಮುಖ ತೋರುವ ದಿಕ್ಕಿಗಿಂತ ಇಪ್ಪತ್ತು ಇಪ್ಪತ್ತೈದು ಡಿಗ್ರಿ ಮೇಲಿನಿಂದ ಅದು ಅಲೆಯನ್ನು ಹಿಡಿಯುತ್ತದೆ. ಕಣ್ಣಿಗೆ ಅದು ಎದುರಿನ ತೋಟವನ್ನು ನೋಡುತ್ತಿರುವಂತೆ ಕಂಡರೂ ನಿಜಕ್ಕೂ ನೋಡುತ್ತಿರುವುದು ತೋಟದ ಎಷ್ಟೋ ಮೇಲಿನ ಆಕಾಶವನ್ನು. ಕಣ್ಣಂದಾಜನ್ನು ನಂಬಲಾಗದು ಎನ್ನುವವರಿಗೆ ಸೂರ್ಯನೇ ಸಾಕ್ಷಿ ಹೇಳುತ್ತಾನೆ. ವರ್ಷದಲ್ಲಿ ಎರಡು ಸಲ, ಮಾರ್ಚ್ 15ರ ಆಸುಪಾಸು ಮತ್ತು ಸೆಪ್ಟೆಂಬರ್ 29ರ ಆಸುಪಾಸು, ಈ ಸೀಮೆಯಿಂದ ನೋಡಿದರೆ ಸೂರ್ಯ ಸರಿಯಾಗಿ ಆ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ: ಮಾರ್ಚಿನಲ್ಲಿ ಬೆಳಿಗ್ಗೆ 11 ಗಂಟೆ 10-15 ನಿಮಿಷಕ್ಕೆ, ಸೆಪ್ಟೆಂಬರಿನಲ್ಲಿ 11ಕ್ಕೆ ಐದು ನಿಮಿಷ ಮುಂಚೆ. ಆ ಹೊತ್ತಿಗೆ ಅಂಗಳದಲ್ಲಿ ನಿಂತು ಡಿಶ್ ಮೇಲೆ ಗರಿಯ ನೆರಳು ಬಿದ್ದಿದೆಯೇ ನೋಡಿ. ನೆರಳಿದ್ದರೆ ಮರ ಅಡ್ಡವಿದೆ. ಪೂರ್ತಿ ಬಿಸಿಲಿದ್ದರೆ ಮರದ ತಪ್ಪಿಲ್ಲ. ಸೂರ್ಯನನ್ನು ನೇರವಾಗಿ ನೋಡುವುದು ಮಾತ್ರ ಬೇಡ, ನೆರಳು ನೋಡಿದರೆ ಸಾಕು. ಅದೇ ಕೆಲವು ದಿನ, ಅದೇ ಹೊತ್ತಿಗೆ, ಸೂರ್ಯನಿಂದ ಬರುವ ಗದ್ದಲವೇ ಡಿಶ್ಶಿಗೆ ತುಂಬಿ ಕೆಲವು ನಿಮಿಷ ಚಿತ್ರ ಒಡೆಯುವುದುಂಟು. ಅದು ದೋಷವಲ್ಲ, ತಾನಾಗಿಯೇ ಹೋಗುತ್ತದೆ. ಹಣ ಕಟ್ಟುವ ಬೇರೆ ಕಂಪನಿಗಳ ಡಿಶ್ ಬೇರೆ ಬೇರೆ ಉಪಗ್ರಹ ನೋಡುವುದರಿಂದ ಅವುಗಳ ದಿನ, ಹೊತ್ತು ಕೊಂಚ ಬೇರೆ. ಲೆಕ್ಕ ಮಾತ್ರ ಇದೇ.

ಮರ ಅಡ್ಡವಿದೆ ಎಂದೇ ರುಜುವಾದರೂ ಡಿಶ್ ಸರಿಯಬೇಕೇ ಹೊರತು ಮರ ಅಲ್ಲ. ‘ಎರಡು ಗರಿ ತೆಗೆದರೆ ಏನಾಯಿತು, ಮತ್ತೆ ಬರುತ್ತದೆ’ ಎಂಬ ಮಾತು ಕೇಳಲು ಸಲೀಸು. ತೆಂಗು ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು ಗರಿ ಬಿಡುತ್ತದೆ, ತಿಂಗಳಿಗೊಂದರಂತೆ. ಒಂದೊಂದು ಗರಿಯ ಕಂಕುಳಲ್ಲೂ ಒಂದೊಂದು ಹೊಂಬಾಳೆ. ಹಸಿ ಗರಿ ಕಡಿದರೆ ಆ ಗೊನೆ ಆತುಕೊಳ್ಳುವ ಆಸರೆಯೂ ಹೋಯಿತು, ಮರಕ್ಕೆ ಅನ್ನ ಬೇಯಿಸುವ ಎಲೆಯೂ ಹೋಯಿತು. ಗರಿ ಹೆಚ್ಚು ಕಡಿದಷ್ಟೂ ಇಳುವರಿ ಕುಗ್ಗುತ್ತದೆ. ತಿಪಟೂರು ನೆಟ್ಟ ತಳಿಯ ಮರ ಫಲಕ್ಕೆ ಬರಲು ಆರೇಳು ವರ್ಷ ಬೇಕು, ಬಂದ ಮೇಲೆ ಅರವತ್ತು ವರ್ಷಕ್ಕೂ ಮೀರಿ ಕೊಡುತ್ತದೆ. ಅಂಥದ್ದರ ಎದುರು ನಾಲ್ಕು ಬೋಲ್ಟ್ ಬಿಚ್ಚಿ ಡಿಶ್ಶನ್ನು ಮಾಡಿನ ಇನ್ನೊಂದು ಮೂಲೆಗೆ, ಇಲ್ಲವೇ ಅಂಗಳದಲ್ಲಿ ಹೂತ ಗಟ್ಟಿ ಪೈಪಿಗೆ ಸರಿಸುವ ಕೂಲಿ ಏನೂ ಅಲ್ಲ. ಉಪಗ್ರಹ ಇಷ್ಟು ಎತ್ತರದಲ್ಲಿರುವುದರಿಂದ ಡಿಶ್ ಎತ್ತರದಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಆಗ್ನೇಯದ ಆಕಾಶ ತೆರೆದಿರುವ ಅಂಗಳದ ಮೂಲೆ ಮಾಡಿಗಿಂತ ಎಷ್ಟೋ ಸಲ ಒಳ್ಳೆಯದು. ಐದಾರು ವರ್ಷದ ಹಿಂದೆ ಕೂರಿಸಿದಾಗ ಸರಿಯಿದ್ದದ್ದು ಈಗೇಕೆ ಅಡ್ಡ ಬಂತು ಎನ್ನುವವರು, ಎಳೆಯ ಮರ ವರ್ಷಕ್ಕೆ ಒಂದಡಿಗೂ ಹೆಚ್ಚು ಏರುತ್ತದೆ ಎಂಬುದನ್ನು ನೆನಪಿಡಬೇಕು. ಡಿಶ್ ಕೂರಿಸುವಾಗ ಇವತ್ತಿನ ಮರವನ್ನಲ್ಲ, ಹತ್ತು ವರ್ಷದ ನಂತರದ ಮರವನ್ನು ನೋಡಿ ಜಾಗ ಹುಡುಕುವವನೇ ಒಳ್ಳೆಯ ಕೆಲಸಗಾರ.

ಗರಿಯ ದೋಷಕ್ಕೆ ಅದರದೇ ಹೊತ್ತು ಇದೆ. ಆಷಾಢದ ಗಾಳಿಯಲ್ಲಿ ಚಿತ್ರ ಕ್ಷಣಕ್ಕೊಮ್ಮೆ ಒಡೆದು ಕೂಡುತ್ತದೆ, ಗಾಳಿ ನಿಂತರೆ ಸುಮ್ಮನಾಗುತ್ತದೆ. ಗರಿ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು, ಏಕೆಂದರೆ ನೀರು ಈ ಅಲೆಗಳನ್ನು ಹೀರುತ್ತದೆ. ಗಾಳಿಗೆ ಒಡೆದರೂ ಎದುರಿಗೆ ಗರಿಯೇ ಇಲ್ಲದಿದ್ದರೆ ಡಿಶ್ ಅಲ್ಲಾಡುತ್ತಿದೆ ಎಂದರ್ಥ. ಎರಡಡಿ ಅಗಲದ ಬಟ್ಟಲಿನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಅದರ ನೋಟ ಒಂದು ಡಿಗ್ರಿ ತಪ್ಪುತ್ತದೆ, ಎರಡು ಡಿಗ್ರಿ ತಪ್ಪಿದರೆ ಸಿಗ್ನಲ್ಲಿನ ಅರ್ಧಕ್ಕಿಂತ ಹೆಚ್ಚು ಹೋಯಿತು. ಇಷ್ಟಾಗಲು ಗೋಡೆಯ ಗಾರೆಯಲ್ಲಿ ಸಡಿಲಾದ ಒಂದು ಬೋಲ್ಟ್ ಸಾಕು.

ಮಳೆಯ ವಿಷಯ ಹೆಚ್ಚು ಎಚ್ಚರದಿಂದ ನೋಡಬೇಕಾದದ್ದು, ಏಕೆಂದರೆ ‘ಮಳೆಗೆ ಹೋಗುತ್ತೆ’ ಎಂಬ ಒಂದೇ ಮಾತಿನಡಿ ಎರಡು ಬೇರೆ ಬೇರೆ ರೋಗ ಅಡಗಿವೆ. ಭರಣಿ ಮಳೆಯೋ ಚಿತ್ತೆ ಮಳೆಯೋ ಗುಡುಗಿಕೊಂಡು ಧೋ ಎಂದು ಸುರಿಯುವಾಗ ಚಿತ್ರ ಹೋಗಿ, ಹನಿ ತೆಳುವಾಗುತ್ತಿದ್ದಂತೆ ಬಂದರೆ ಅದು ಆಕಾಶದ ದೋಷ. ದೊಡ್ಡ ಹನಿಗಳು ಅಲೆಯನ್ನು ತಿನ್ನುತ್ತವೆ. ಆಗ್ನೇಯದಲ್ಲಿ ಮೋಡ ಕಟ್ಟಿದ್ದರೆ ನಿಮ್ಮ ಅಂಗಳಕ್ಕೆ ಹನಿ ಬೀಳುವ ಮೊದಲೇ ಚಿತ್ರ ಹೋಗಬಹುದು. ಹತ್ತು ನಿಮಿಷ, ಕಾಲು ಗಂಟೆ ಕಾಯುವುದೇ ಮದ್ದು; ಡಿಶ್ ಸರಿಯಾಗಿ ಕೂತಿದ್ದರೆ ಆ ಹೊತ್ತೂ ಇನ್ನಷ್ಟು ಕಡಿಮೆಯಾಗುತ್ತದೆ, ಅಷ್ಟೆ. ಆದರೆ ಮಳೆ ಸುರಿಯುವಾಗ ಇದ್ದ ಚಿತ್ರ ಮಳೆ ನಿಂತ ಮೇಲೆ ಹೋಗಿ, ಮಾರನೆಯ ದಿನ ಬಿಸಿಲೇರಿದ ಮೇಲೆ ಬಂದರೆ? ಆಗ ಮೋಡದ ಕಡೆ ಕೈತೋರಿಸುವಂತಿಲ್ಲ. ನೀರು ಕೇಬಲ್ಲಿನೊಳಗೆ ಇಳಿದಿದೆ.

ನೀರು ಒಳಗಿಳಿಯುವ ಜಾಗವನ್ನು ಹತ್ತಿರದಿಂದ ನೋಡಬೇಕು. ಡಿಶ್ ಎದುರಿನ ತೋಳಿನ ತುದಿಯಲ್ಲಿರುವ ಮುಷ್ಟಿಗಾತ್ರದ ಡಬ್ಬಿಯೇ ಎಲ್‌ಎನ್‌ಬಿ. ಅದರ ಕೆಳಗೆ ಕೇಬಲ್ ಬಂದು ಸೇರುವ ಕನೆಕ್ಟರನ್ನು ಬಿಚ್ಚಿದರೆ ಒಳಗಿನ ತಾಮ್ರಬಣ್ಣದ ತಂತಿ ಮಿರಿಮಿರಿ ಹೊಳೆಯಬೇಕು. ಸಾಮಾನ್ಯ ಕೇಬಲ್ಲಿನಲ್ಲಿ ಅದು ಪೂರ್ತಿ ತಾಮ್ರವಲ್ಲ, ಉಕ್ಕಿನ ತಂತಿಗೆ ತಾಮ್ರದ ತೆಳು ಲೇಪ. ನೀರು ಸೋಕಿದ ಕಡೆ ಮೊದಲು ಹಸಿರು ಕಿಲುಬು, ಆಮೇಲೆ ಲೇಪ ಕಳಚಿ ಕಂದು ತುಕ್ಕು. ಬಾಕ್ಸಿನಿಂದ ಎಲ್‌ಎನ್‌ಬಿಗೆ ವಿದ್ಯುತ್ತೂ ಇದೇ ತಂತಿಯಲ್ಲಿ ಹೋಗುವುದರಿಂದ ತೇವ ಇದ್ದ ಕಡೆ ತುಕ್ಕು ಇನ್ನೂ ಬೇಗ ತಿನ್ನುತ್ತದೆ. ತಂತಿಯ ಸುತ್ತಲಿನ ಹೆಣೆದ ಜಾಲರಿ ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನೀರನ್ನು ಹೀರಿ ಎಷ್ಟೋ ದೂರ ಒಯ್ಯುತ್ತದೆ. ಕೆಲವೊಮ್ಮೆ ಬಾಕ್ಸಿನ ಹಿಂಬದಿಯವರೆಗೂ. ಅಳಿಲು ಕಚ್ಚಿದ ಕಡೆಯೂ, ಎರಡು ತುಂಡು ಕೇಬಲ್ ತಿರುಚಿ ಕಪ್ಪು ಟೇಪ್ ಸುತ್ತಿದ ಕಡೆಯೂ ಇದೇ ಕಥೆ. ಬಿಸಿಲಿಗೆ ಆ ಟೇಪಿನ ಅಂಟು ಒಂದೆರಡು ವರ್ಷದಲ್ಲಿ ಬಿಡುತ್ತದೆ. ಈ ರೋಗದ ಇನ್ನೊಂದು ಗುರುತು: ಎಲ್ಲ ಚಾನೆಲ್ ಒಟ್ಟಿಗೆ ಹೋಗದೆ ಒಂದು ಗುಂಪು ಹೋಗಿ ಇನ್ನೊಂದು ಗುಂಪು ಉಳಿಯುವುದು. ಹಾಳಾದ ಕೇಬಲ್ ಎತ್ತರದ ತರಂಗಾಂತರಗಳನ್ನು ಮೊದಲು ನುಂಗುತ್ತದೆ. ಎಲ್‌ಎನ್‌ಬಿಗೆ ಒಂದು ಗುಂಪಿಗೆ 13 ವೋಲ್ಟ್, ಇನ್ನೊಂದಕ್ಕೆ 18 ವೋಲ್ಟ್ ಎಂದು ಬಾಕ್ಸ್ ಕಳಿಸುವ ಸೂಚನೆಯೂ ತುಕ್ಕಿನಲ್ಲಿ ಸೊರಗುತ್ತದೆ. ಚಿಕಿತ್ಸೆ ಸರಳ. ತುಕ್ಕು ಹಿಡಿದಷ್ಟು ಕತ್ತರಿಸಿ, ಹೊಸ ಕನೆಕ್ಟರ್ ಹಾಕಿ, ಕೂಡಿಕೆಯನ್ನು ನೀರು ಹೋಗದಂಥ ರಬ್ಬರ್ ಟೇಪಿನಿಂದ ಸುತ್ತಿ, ಮನೆಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಂದು ಗೇಣು ಜೋಲುಬಿಡುವುದು, ಹನಿ ಅಲ್ಲೇ ತೊಟ್ಟಿಕ್ಕಲಿ ಎಂದು. ನೀರು ಒಳಕ್ಕೆ ದೂರ ಹೋಗಿದ್ದರೆ ಕೇಬಲ್ಲೇ ಬದಲಾಗಬೇಕು.

ಉಳಿದ ಹೊತ್ತುಗಳನ್ನು ಬೇಗ ಹೇಳಿಬಿಡಬಹುದು. ಮಧ್ಯಾಹ್ನದ ಬಿಸಿಲಿಗೆ ಹೋಗಿ ಸಂಜೆ ತಂಪಿಗೆ ಬಂದರೆ ಮುದಿಯಾದ ಎಲ್‌ಎನ್‌ಬಿ ಅಥವಾ ಗಾಳಿಯಾಡದ ಕಡೆ ಬಟ್ಟೆ ಹೊದ್ದು ಕೂತ ಬಾಕ್ಸ್ ಮೇಲೆ ಅನುಮಾನ. ಕ್ವಾಲಿಟಿ ಅಂಕಿ ದಿನವೂ ಒಂದೇ ತೆರನಾಗಿ ಕಡಿಮೆಯಿದ್ದರೆ ಎಲ್‌ಎನ್‌ಬಿ ಮುಚ್ಚಳದ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿದೆಯೇ ನೋಡಬೇಕು. ಏಪ್ರಿಲ್ ಒಂದರ ಸುಮಾರಿಗೆ ಕೆಲವು ಚಾನೆಲ್ ಮಾತ್ರ ಮಾಯವಾದರೆ ರಿಪೇರಿಯವರನ್ನು ಕರೆಯಬೇಕಿಲ್ಲ. ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್ಲುಗಳ ಜಾಗ ವರ್ಷ ವರ್ಷ ಹರಾಜಾಗುತ್ತದೆ, ಬಾಕ್ಸಿನಲ್ಲಿ ಚಾನೆಲ್ ಮತ್ತೆ ಹುಡುಕಿಸಿದರೆ ಸಾಕು.

‘ಇಷ್ಟೆಲ್ಲ ಯಾಕೆ, ಬಾಕ್ಸ್ ಬದಲಿಸಿದಾಗ ಸರಿಹೋಯಿತಲ್ಲ’ ಎಂದು ಕೇಳುವವರಿದ್ದಾರೆ. ಅವರ ಅನುಭವ ಸುಳ್ಳಲ್ಲ. ಆದರೆ ಬಾಕ್ಸ್ ಬದಲಿಸುವಾಗ ಹಿಂಬದಿಯ ಕನೆಕ್ಟರ್ ಬಿಚ್ಚಿ ಮತ್ತೆ ಬಿಗಿ ಮಾಡಿರುತ್ತಾರೆ. ತುಕ್ಕಿನ ಪದರ ಉಜ್ಜಿಹೋಗಿ ನಾಲ್ಕು ದಿನ ಸಂಪರ್ಕ ಕೂಡುತ್ತದೆ. ಅಷ್ಟರಲ್ಲಿ ಬಿಸಿಲು ಬಿದ್ದು ಕೇಬಲ್ ಒಣಗಿರುತ್ತದೆ. ಮಾಡದ ಕೆಲಸದ ಕೀರ್ತಿ ಹೊಸ ಬಾಕ್ಸಿಗೆ ಸಿಗುತ್ತದೆ. ಬಾಕ್ಸ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ವೋಲ್ಟೇಜ್ ಏರಿಳಿತಕ್ಕೆ, ಸಿಡಿಲಿಗೆ ಅದು ಕೆಡುತ್ತದೆ. ಆದರೆ ಅದನ್ನು ತಿಳಿಯಲು ದುಡ್ಡು ಬೇಡ: ಚಿತ್ರ ಚೆನ್ನಾಗಿ ಬರುವ ನೆರೆಮನೆಗೆ, ಅದೇ ಉಪಗ್ರಹ ನೋಡುವ ಡಿಶ್ ಇರುವ ಮನೆಗೆ, ಬಾಕ್ಸನ್ನು ಒಯ್ದು ಒಂದು ಸಂಜೆ ಹಾಕಿ ನೋಡಿದರೆ ಆಯಿತು. ಅಲ್ಲಿ ಸರಿಯಾಗಿ ನಡೆದರೆ ದೋಷ ನಿಮ್ಮ ಮಾಡಿನ ಮೇಲಿದೆ.

‘ಅದು ಮೆಕ್ಯಾನಿಕ್ ಕೆಲಸ, ಮನೆಯವರದಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಅರ್ಧ ಒಪ್ಪುತ್ತೇನೆ. ಪಾಚಿ ಹಿಡಿದ ಹೆಂಚಿನ ಮೇಲೆ ಹತ್ತುವುದು, ವಿದ್ಯುತ್ ತಂತಿ ಹಾದ ಕಡೆ ಕಬ್ಬಿಣದ ಪೈಪ್ ಎತ್ತುವುದು, ಗುಡುಗು ಮೋಡವಿರುವಾಗ ಡಿಶ್ ಮುಟ್ಟುವುದು, ಇವು ಯಾವ ಧಾರಾವಾಹಿಗೂ ಯಾವ ಕ್ರಿಕೆಟ್ ಪಂದ್ಯಕ್ಕೂ ತಕ್ಕ ಬೆಲೆಯಲ್ಲ, ಮನೆಯವರು ಮಾಡಲೇಬಾರದು. ಆದರೆ ಬಂದು ಹೋಗುವ ದೋಷ ಮೆಕ್ಯಾನಿಕ್ ಬಂದಾಗ ಮನೆಯಲ್ಲಿರುವುದಿಲ್ಲ. ಅವರು ಬರುವುದು ಬಿಸಿಲು ಬಿದ್ದ ಬೆಳಿಗ್ಗೆ, ಚಿತ್ರ ಹೋಗುವುದು ಮಳೆ ನಿಂತ ರಾತ್ರಿ. ರಾತ್ರಿ ಅಲ್ಲಿ ಇರುವವರು ಮನೆಯವರು ಮಾತ್ರ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ‘ರಾತ್ರಿ 9, ಮಳೆ ನಿಂತ ಮೇಲೆ, ಚಂದನ ಇತ್ತು, ಉಳಿದದ್ದು ಇಲ್ಲ’ ಎಂದು ಒಂದು ಸಾಲು ಗೀಚಿದರೆ ಅದು ಯಾವ ಮೀಟರೂ ಕೊಡಲಾಗದ ಮಾಹಿತಿ. ಹಾಲಿನ ಲೆಕ್ಕ, ಕಾಯಿ ಕಿತ್ತ ಲೆಕ್ಕ ಬರೆಯುವ ಮನೆಗಳಿಗೆ ಇದು ಹೊರೆಯಲ್ಲ. ಹತ್ತು ದಿನದ ಇಂಥ ಟಿಪ್ಪಣಿ ಕೈಯಲ್ಲಿದ್ದರೆ ಮೆಕ್ಯಾನಿಕ್ ಮಾತಿಗೂ ಒಂದು ಅಳತೆ ಸಿಗುತ್ತದೆ. ‘ಬಾಕ್ಸ್ ಹೋಗಿದೆ’ ಎಂದರೆ ‘ಹಾಗಾದರೆ ಬಿಸಿಲಿಗೆ ಯಾಕೆ ಬರುತ್ತದೆ’ ಎಂದು ಕೇಳಬಹುದು.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು: ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಮನೆಮನೆಗೆ ಇಂಟರ್ನೆಟ್ ಬರುತ್ತಿದೆ, ಸಾಯುತ್ತಿರುವ ಡಿಶ್ಶಿಗೆ ಚಿಕಿತ್ಸೆ ಯಾಕೆ? ಮೊದಲನೆಯದಾಗಿ ಡಿಶ್ ಸಾಯುತ್ತಿಲ್ಲ. ದೇಶದಲ್ಲಿ ಫ್ರೀ ಡಿಶ್ ಒಂದೇ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬ ಅಂದಾಜಿದೆ. ಎರಡನೆಯದು, ಮೊಬೈಲ್ ಪ್ರತಿ ತಿಂಗಳೂ ದುಡ್ಡು ಕೇಳುತ್ತದೆ. ಉಪಗ್ರಹದಿಂದ ಬೀಳುವ ಈ ಪ್ರಸಾರ ಒಮ್ಮೆ ಡಿಶ್ ಹಾಕಿದ ಮೇಲೆ ಏನೂ ಕೇಳುವುದಿಲ್ಲ. ಕೊಬ್ಬರಿ ಬೆಲೆ ಬಿದ್ದ ವರ್ಷ ಮನೆಯ ಯಾವ ಖರ್ಚು ಮೊದಲು ನಿಲ್ಲುತ್ತದೆ ಎಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರನೆಯದು, ಕಣ್ಣು ಮಂಜಾದ ಅಜ್ಜಿಗೆ ಅಂಗೈಯಗಲದ ಪರದೆ ಟಿ.ವಿ. ಆಗುವುದಿಲ್ಲ. ಮನೆಯವರೆಲ್ಲ ಒಟ್ಟಿಗೆ ಕೂತು ವಾರ್ತೆಯನ್ನೋ ಕೃಷಿ ಕಾರ್ಯಕ್ರಮವನ್ನೋ ನೋಡುವ ಜಾಗ ಅದು. ಅದು ಬೇಕೋ ಬೇಡವೋ ಎಂದು ಮನೆಯವರು ತೀರ್ಮಾನಿಸಲಿ, ಹತ್ತು ರೂಪಾಯಿಯ ಕನೆಕ್ಟರ್ ತೀರ್ಮಾನಿಸುವುದು ಬೇಡ.

ಇಲ್ಲಿಂದ ಮಾತು ಸರ್ಕಾರದ ಕಡೆಗೆ ಹೋಗಲೇಬೇಕು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ, ಹಳ್ಳಿಗೆ ಉಪಗ್ರಹ ಟಿ.ವಿ. ಮುಟ್ಟಿಸುವ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು, ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ಡಿಶ್ ಆಗಿನವು. ಆ ಪ್ರಯೋಗದಲ್ಲಿ ಇಸ್ರೋ ಸೆಟ್ಟುಗಳನ್ನು ಹಳ್ಳಿಗೆ ಕೊಟ್ಟು ಸುಮ್ಮನಾಗಲಿಲ್ಲ. ಕೆಟ್ಟ ಸೆಟ್ಟನ್ನು ಸರಿಮಾಡುವ ಉಪಕೇಂದ್ರಗಳು, ತಂತ್ರಜ್ಞರು, ಬಿಡಿಭಾಗಗಳು ಯೋಜನೆಯ ಒಳಗೇ ಇದ್ದವು. ನೋಡುವ ಜಾಗದಲ್ಲಿ ಚಿತ್ರ ಇಲ್ಲದಿದ್ದರೆ ಉಪಗ್ರಹ ಮೇಲಿದ್ದೂ ಪ್ರಯೋಜನವಿಲ್ಲ ಎಂದು ಅವರು ತಿಳಿದಿದ್ದರು. ಹೆಚ್ಚುಕಡಿಮೆ ಅರ್ಧ ಶತಮಾನದ ನಂತರ, 2023ರ ಜನವರಿಯಲ್ಲಿ, ಕೇಂದ್ರ ಸಂಪುಟ ಆಕಾಶವಾಣಿ ಮತ್ತು ದೂರದರ್ಶನದ ಸುಧಾರಣೆಗೆ 2,539 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಗಡಿ, ಬುಡಕಟ್ಟು, ದೂರದ ಪ್ರದೇಶಗಳ ಜನರಿಗೆ ಎಂಟು ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಬಾಕ್ಸ್ ಉಚಿತವಾಗಿ ಕೊಡುವುದೂ ಅದರಲ್ಲಿತ್ತು. ಕೊಡುವುದು ಒಳ್ಳೆಯದೇ. ಆದರೆ ಎಣಿಸಿದ್ದು ಮತ್ತೆ ಬಾಕ್ಸನ್ನು. ಕೊಟ್ಟ ಬಾಕ್ಸ್ ಮೂರನೆಯ ಮಳೆಗಾಲದಲ್ಲೂ ಚಿತ್ರ ತೋರಿಸುತ್ತಿದೆಯೇ ಎಂದು ಎಣಿಸುವವರು ಬೇಕು. ಹಣ ಕಟ್ಟುವ ಡಿಶ್ (ಡಿಟಿಎಚ್) ಚಂದಾದಾರರಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳ ಬಲವಾದರೂ ಇದೆ. ಫ್ರೀ ಡಿಶ್‌ಗೆ ಚಂದಾದಾರರೇ ಇಲ್ಲದ್ದರಿಂದ ಮನೆ ಬಾಗಿಲಿಗೆ ಬರಬೇಕಾದ ಹೊಣೆ ಯಾರ ಮೇಲೂ ಇಲ್ಲ.

ಹೊಣೆ ಹೊರಿಸಲು ದೊಡ್ಡ ಇಲಾಖೆ ಬೇಕಿಲ್ಲ. ಐಟಿಐಗಳಲ್ಲಿ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ಕಲಿಯುವ ಹುಡುಗ ಹುಡುಗಿಯರಿಗೆ ಮಾಡಿನ ಮೇಲಿನ ಈ ಕೇಬಲ್ಲನ್ನೂ ಪಾಠವಾಗಿ ಕಲಿಸಬಹುದು. ಹೋಬಳಿಗೊಂದು ಸಿಗ್ನಲ್ ಮೀಟರ್ ಗ್ರಾಮ ಪಂಚಾಯ್ತಿಯಲ್ಲಿಟ್ಟು, ತರಬೇತಾದವರಿಗೆ ಬಾಡಿಗೆಗೆ ಕೊಡಬಹುದು. ಬಾಕ್ಸ್ ತಯಾರಿಸುವವರು ಆ ಎರಡು ಪಟ್ಟಿಯ ಹೆಸರನ್ನು ಕನ್ನಡದಲ್ಲಿ ಬರೆದು, ಎಷ್ಟಕ್ಕಿಂತ ಇಳಿದರೆ ಅಪಾಯ ಎಂದು ಒಂದು ಗೆರೆ ಎಳೆಯಬಹುದು. ಖರೀದಿಸಿ ಹಂಚುವ ಸರ್ಕಾರ ಅದನ್ನೊಂದು ಷರತ್ತಾಗಿ ಹಾಕಿದರೆ ಅವರು ಮಾಡಲೇಬೇಕಾಗುತ್ತದೆ. ಸಾರ್ವಜನಿಕ ಪ್ರಸಾರ ಮನೆಯ ಪರದೆಯವರೆಗೆ ಮುಟ್ಟಿದರೆ ಮಾತ್ರ ಸಾರ್ವಜನಿಕ.

ಅದೆಲ್ಲ ಆಗುವವರೆಗೆ ಹೊನ್ನವಳ್ಳಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಯವರಲ್ಲಿ ಒಂದು ಕೇಳಿಕೆ. ಸೆಪ್ಟೆಂಬರಿನ ಕೊನೆಗೆ ಹಸ್ತ ಮಳೆ ಹಿಡಿಯುವ ಮೊದಲು, ಒಣ ಬಿಸಿಲಿನ ಒಂದು ದಿನ, ತಿಳಿದವರಿಂದ ಎಲ್‌ಎನ್‌ಬಿ ಕೆಳಗಿನ ಕನೆಕ್ಟರ್ ಒಮ್ಮೆ ಬಿಚ್ಚಿಸಿ ನೋಡಿ. ಬಾಕ್ಸ್ ಬಿಸಾಡುವ ಮುನ್ನ, ಗರಿಗೆ ಕತ್ತಿ ಹಾಕುವ ಮುನ್ನ, ಗೋಡೆಯ ಕ್ಯಾಲೆಂಡರಿನಲ್ಲಿ ಹತ್ತು ದಿನ ಹೊತ್ತು ಬರೆಯಿರಿ.